ಐದೂರಿನ ರೊಟ್ಟಿ ಬಾಂಡ್

ಸೇಡಂ ಕೋರ್ಟಿನ ಆವರಣದಲ್ಲಿ ನಾನು ಕರಿಕೋಟು ಹಾಕಿಕೊಂಡು ಓಡಾಡಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಲಾರಿ ಗುದ್ದಿದ ಪರಿಹಾರ, ಚೆಕ್ ಬೌನ್ಸು, ಇಷ್ಟೇ ನನ್ನ ಸಾಮ್ರಾಜ್ಯ. ಜೊತೆಗೆ ನೋಟರಿ ಸನ್ನದು ಇದೆ. ಹೆಂಡತಿಯ ಪ್ರಕಾರ ಆ ಮುದ್ರೆಯನ್ನು ನಾನು ಮಕ್ಕಳಿಗಿಂತ ಹೆಚ್ಚು ಜೋಪಾನ ಮಾಡುತ್ತೇನೆ. ವ್ಯಾಪಾರದ ಸ್ಪರ್ಧಾ ಕಾನೂನಿನ ಗಾಳಿ ನನಗೆ ಸೋಕಿರಲಿಲ್ಲ. ಕಲಬುರಗಿಯಲ್ಲಿ ಕಾನೂನು ಓದುವಾಗ ಏಕಸ್ವಾಮ್ಯದ ಬಗ್ಗೆ ಒಂದು ಅಧ್ಯಾಯ ಇತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರೇ ಬಿಡಿಸಿದ್ದರು. ಬರಲೂ ಇಲ್ಲ. ಆ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಆ ಅಧ್ಯಾಯ ನನ್ನನ್ನು ಹುಡುಕಿಕೊಂಡು ಬಂದದ್ದು ಅಕ್ಕನ ಕೈಯಲ್ಲಿದ್ದ ಫೋನಿನ ರೂಪದಲ್ಲಿ. ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೊಟ್ಟಿ ಕೇಂದ್ರ ನಡೆಸುವವಳು. ನಾನು ಜೂನಿಯರ್ ಆಗಿ ಹಿರಿಯ ವಕೀಲರ ಫೈಲು ಹೊರುತ್ತಿದ್ದ ಕಾಲದಲ್ಲಿ ಮಧ್ಯಾಹ್ನ ಅವಳ ಬಾಗಿಲಿಗೆ ಹೋಗಿ ನಿಂತರೆ ಸಾಕು, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಟ್ಟೆಗೆ ಬೀಳುತ್ತಿದ್ದವು. ಆಗ ನನಗೆ ಕಕ್ಷಿದಾರರೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಅವಳು ಎರಡನ್ನೂ ಕೇಳಲಿಲ್ಲ.

"ತಮ್ಮಾ, ಇದರಾಗ ನನ್ನ ಅಂಗಡಿ ಕಾಣವಲ್ದು. ಎಲ್ಲಿ ಹೋಗ್ಯಾದ ಜರಾ ಹುಡುಕಿ ಕೊಡು," ಎಂದು ಫೋನನ್ನು ನನ್ನ ಮೇಜಿನ ಮೇಲಿಟ್ಟಳು.

ಅದು ಊಟ ತರಿಸುವ ಒಂದು ಕಂಪನಿಯ ಆ್ಯಪ್. ಹೆಸರು ಬರೆಯುವುದಿಲ್ಲ, ಬರೆದರೆ ಅವರ ಹನ್ನೊಂದು ಮಂದಿ ವಕೀಲರು ಮತ್ತೆ ನನ್ನ ಮೇಲೆ ಬರುತ್ತಾರೆ. ರೊಟ್ಟಿ ಎಂದು ಹುಡುಕಿದೆ. ಮೊದಲು ಬಂದದ್ದು ಕಂಪನಿಯದೇ ರೊಟ್ಟಿ. ಪೊಟ್ಟಣದ ಮೇಲೆ ತಲೆತುಂಬ ಸೆರಗು ಹೊದ್ದು ನಗುವ ಅಜ್ಜಿಯ ಚಿತ್ರ. ಆ ಅಜ್ಜಿಯನ್ನು ಸೇಡಂ ತಾಲೂಕಿನಲ್ಲಿ ಯಾರೂ ನೋಡಿಲ್ಲ, ರೊಟ್ಟಿ ಬಡಿಯುವುದು ಶಹಾಬಾದ್ ರಸ್ತೆಯ ಶೆಡ್ಡಿನಲ್ಲಿರುವ ಯಂತ್ರ. ಅದರ ಕೆಳಗೆ ಪಿಜ್ಜಾ. ಅದರ ಕೆಳಗೆ ಹುಟ್ಟುಹಬ್ಬದ ಕೇಕು, ಬಿರಿಯಾನಿ, ಗೋಬಿ ಮಂಚೂರಿ, ಮತ್ತೆ ಅದೇ ಅಜ್ಜಿ. ಬೆರಳು ನೋಯುವಷ್ಟು ಕೆಳಗೆ ಹೋದ ಮೇಲೆ, ಎರಡು ಐಸ್‌ಕ್ರೀಮ್ ಅಂಗಡಿಗಳ ಕೆಳಗೆ ಅಕ್ಕ ಸಿಕ್ಕಳು.

ಕಥೆ ಎರಡು ವರ್ಷದ್ದು. ಟೀ ಶರ್ಟು ತೊಟ್ಟ ಕಂಪನಿಯವನೊಬ್ಬ ಬಂದು, ಅಕ್ಕ ಎಂದು ಕರೆದು, ಮೊದಲ ಕೆಲವು ತಿಂಗಳು ಒಂದು ಪೈಸೆ ಬೇಡ ಎಂದು ಅವಳ ಅಂಗಡಿಯನ್ನು ಫೋನಿನೊಳಗೆ ಸೇರಿಸಿದ್ದ. ಆದಿತ್ಯನಗರದ ಕಾಲೊನಿಯವರು ಅಲ್ಲಿಯವರೆಗೆ ಭಾನುವಾರ ಸ್ಕೂಟರಿನ ಮೇಲೆ ಬಂದು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಅವರು ಮನೆಯಲ್ಲೇ ಕೂತು ಬೆರಳು ಆಡಿಸತೊಡಗಿದರು. ಅಕ್ಕ ಇನ್ನಿಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಳು, ಇನ್ನೊಂದು ಒಲೆ ಹೂಡಿದಳು. ಕೇಂದ್ರದ ಮುಕ್ಕಾಲು ರೊಟ್ಟಿ ಫೋನಿನ ಮೂಲಕವೇ ಹೋಗುವಂತಾದ ಮೇಲೆ ಕಂಪನಿಯ ಹೊಸ ನಿಯಮಗಳು ಬಂದವು. ಪುಟಗಟ್ಟಲೆ ಇಂಗ್ಲಿಷು, ಕೊನೆಯಲ್ಲಿ ಒಪ್ಪಿದ್ದೇನೆ ಎಂಬ ಗುಂಡಿ. ಅಕ್ಕ ಹಿಟ್ಟಿನ ಬೆರಳಿನಿಂದ ಅದನ್ನು ಒತ್ತಿದಳು. ಒತ್ತದಿದ್ದರೆ ಮುಂದಿನ ಆರ್ಡರು ಕಾಣುತ್ತಿರಲಿಲ್ಲ.

ಆ ಪುಟಗಳಲ್ಲಿ ಒಂದು ಸಾಲು ಇತ್ತು: ಫೋನಿನಲ್ಲಿ ಹಾಕಿದ ದರಕ್ಕಿಂತ ಕಡಿಮೆಗೆ ಅಂಗಡಿಯಲ್ಲಿ ಮಾರಕೂಡದು. ಅಕ್ಕ ಮಾರಿರಲಿಲ್ಲ. ಎರಡೂ ಕಡೆ ಒಂದೇ ದರ. ಆದರೆ ಅವಳು ಕೊಸರು ಕೊಡುತ್ತಿದ್ದಳು.

ನಮ್ಮ ಕಡೆ ಕೊಸರಿಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಹತ್ತು ರೊಟ್ಟಿ ಕಟ್ಟಿಸಿಕೊಂಡವನು ಚೀಲದ ಬಾಯಿ ಮುಚ್ಚದೆ ಆಕಾಶ ನೋಡುತ್ತ ನಿಂತಿರುತ್ತಾನೆ. ಹನ್ನೊಂದನೆಯದು ಬಿದ್ದ ಮೇಲೆ ಚೀಲ ಮುಚ್ಚಿ ಹೊರಡುತ್ತಾನೆ. ಬಾಯಿ ಬಿಟ್ಟು ಕೇಳುವುದಿಲ್ಲ, ಕೇಳಿದರೆ ಕೊಸರಿನ ಮಾನ ಹೋಗುತ್ತದೆ. ಕೊಡುವವಳೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಪನಿಯವರು ಗಿರಾಕಿಯ ವೇಷದಲ್ಲಿ ಒಬ್ಬನನ್ನು ಕಳಿಸಿದರು. ಅವನ ಚೀಲಕ್ಕೂ ಅಕ್ಕ ಒಂದು ಹೆಚ್ಚಿಗೆ ಹಾಕಿದಳು. ಅವನು ಹನ್ನೊಂದನ್ನೂ ಸಾಲಾಗಿ ಹಾಸಿ ಫೋಟೋ ಹೊಡೆದು ಕಳಿಸಿದ. ದರದಲ್ಲಿ ವ್ಯತ್ಯಾಸ ಕಂಡುಬಂದಿದೆ, ಆದ್ದರಿಂದ ತಮ್ಮ ಸ್ಥಾನವನ್ನು ಮರುಹೊಂದಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಓಲೆ ಬಂತು. ಮರುಹೊಂದಿಸಿದ ಜಾಗ ಐಸ್‌ಕ್ರೀಮಿನ ಕೆಳಗೆ.

ಓದಿ ನನ್ನ ಮೈ ಉರಿದುಹೋಯಿತು. ಕೊಸರನ್ನು ಅಪರಾಧ ಮಾಡಿದ ನಾಲಾಯಕರು ಯಾರು ಎಂದು ಕೂಗಿದೆ, ಪಕ್ಕದ ಟೈಪಿಸ್ಟು ಬೆಚ್ಚಿಬಿದ್ದ. "ಅಕ್ಕಾ, ನೀ ಮನೀಗಿ ಹೋಗು. ಇವರನ್ನ ದಿಲ್ಲಿ ತನಕ ಎಳೀತೀನಿ," ಎಂದೆ.

"ದಿಲ್ಲಿ ಯಾಕೋ ತಮ್ಮಾ, ನನ್ನ ಅಂಗಡಿ ಮ್ಯಾಲ ತಂದು ಕೊಟ್ರ ಸಾಕು," ಎಂದಳು ಅಕ್ಕ. ಕಕ್ಷಿದಾರರಿಗೆ ತಮಗೆ ಬೇಕಾದುದು ಏನೆಂದು ತಿಳಿಯುವುದಿಲ್ಲ ಎಂಬುದು ನನ್ನ ವೃತ್ತಿಯ ಮೂಲ ನಂಬಿಕೆ.

ಎರಡು ದಿನ ಕೋರ್ಟಿಗೆ ಚಕ್ಕರ್ ಹೊಡೆದು ಓದಿದೆ. ಪ್ರಾಬಲ್ಯ, ಪ್ರಾಬಲ್ಯದ ದುರುಪಯೋಗ, ಸ್ವಂತ ಮಾಲಿಗೆ ಮೊದಲ ಮಣೆ, ದ್ವಾರಪಾಲಕ ವೇದಿಕೆ. ಎಂಥ ಮಾತುಗಳು! ಬದುವಿನ ಕಲ್ಲು ಅಳೆದು ಅಳೆದು ಬೇಸತ್ತ ನನಗೆ ತಲೆ ತಿರುಗಿಹೋಯಿತು. ಮನೆಯಲ್ಲಿ ಸಾರು ಎರಡನೇ ಸಲ ಬರದಿದ್ದರೆ ಅದನ್ನೂ ಪ್ರಾಬಲ್ಯದ ದುರುಪಯೋಗ ಎನ್ನತೊಡಗಿದೆ. "ಹಂಗಾದ್ರ ದಿಲ್ಲಿಗೇ ಹೋಗಿ ಉಣ್ರಿ," ಎಂದು ಹೆಂಡತಿ ಪಾತ್ರೆ ಎತ್ತಿಟ್ಟಳು.

ಈ ಕಾನೂನಿನಲ್ಲಿ ಮೊದಲು ಮಾರುಕಟ್ಟೆ ಯಾವುದೆಂದು ತೋರಿಸಬೇಕು. ಒಂದು ಪದಾರ್ಥದ ಬೆಲೆ ಚೂರು ಏರಿದರೆ ಜನ ಬೇರೆಯದಕ್ಕೆ ಹೋಗುತ್ತಾರೋ ಇಲ್ಲವೋ ಎಂದು ಪರೀಕ್ಷಿಸಬೇಕು. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಮಾಡುವ ಪರೀಕ್ಷೆಯನ್ನು ನಾನು ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಮಾಡಿದೆ. ಸಿಮೆಂಟ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದಿದ್ದ ಒಬ್ಬ ಹಿರಿಯನನ್ನು ಹಿಡಿದು, "ರೊಟ್ಟಿ ತುಟ್ಟಿ ಆದ್ರ ಬ್ರೆಡ್ ತಿಂತೀರೇನ್ರಿ?" ಎಂದು ಕೇಳಿದೆ.

"ಯಾಕ್ರಿ ವಕೀಲ್ ಸಾಬ್, ನನಗೇನು ಜ್ವರ ಬಂದಾವೇನ್ರಿ?"

"ಚಪಾತಿ?"

"ಬೀಗರ ಮನ್ಯಾಗ ಒಂದಿನ ತಿಂತೀನಿ. ಮರುದಿನ ಹೊಟ್ಟಿ ಕೇಳಂಗಿಲ್ರಿ."

ರೊಟ್ಟಿಗೆ ಬದಲಿ ಇಲ್ಲ ಎಂದು ಸಾಬೀತಾಯಿತು. ಅವನ ಹೇಳಿಕೆಯನ್ನು ಪ್ರಮಾಣಪತ್ರ ಮಾಡಿ, ನನ್ನದೇ ಮುದ್ರೆ ಒತ್ತಿ ಇಟ್ಟುಕೊಂಡೆ.

ಒಬ್ಬಳ ದೂರಿಗಿಂತ ಐವರ ದೂರಿಗೆ ತೂಕ ಹೆಚ್ಚು ಎನಿಸಿತು. ವಿಚಾರಿಸಿದರೆ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ನಾಲ್ಕೂ ಕಡೆ ರೊಟ್ಟಿ ಕೇಂದ್ರದವರದು ಇದೇ ಗೋಳು. ನಾಲ್ವರನ್ನೂ ಅಕ್ಕನ ಅಂಗಳಕ್ಕೆ ಕರೆಸಿದೆ. ಬಂದವರಲ್ಲಿ ಶಹಾಬಾದಿನ ಚಾಚಿಯದು ದೊಡ್ಡ ದನಿ. "ನಮ್ದು ಭೀ ಅದೇ ಹಾಲತ್ ಅದ ಸಾಬ್. ಕಂಪನಿಯವ್ರು ಸೇಡಂದಾಕಿ ರೇಟ್ ಇಳಿಸ್ಯಾಳ, ನೀನೂ ಇಳಿಸು ಅಂತಾರ. ನಾ ಇಳಿಸಿದ್ ಮ್ಯಾಲ ಇಕಿಗಿ ಹೋಗಿ ಶಹಾಬಾದ್‌ದಾಕಿ ಇಳಿಸ್ಯಾಳ ಅಂತಾರಂತ!" ಎಂದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಎರಡು ವರ್ಷ ಬೈದುಕೊಂಡಿದ್ದು ಅವತ್ತು ಗೊತ್ತಾಗಿ, ಕೈಕೈ ಹಿಡಿದು ನಕ್ಕರು.

ನನಗೆ ಒಗ್ಗಟ್ಟಿನ ಆವೇಶ ಬಂತು. ಒಗ್ಗಟ್ಟು ಎಂದರೆ ನಮ್ಮಲ್ಲಿ ಬಾಯಿಮಾತಲ್ಲ, ಬಾಂಡು. ನಮ್ಮ ಸೀಮೆಯಲ್ಲಿ ಕಳೆದ ಎಮ್ಮೆ ಸಿಕ್ಕರೂ, ಗಂಡ ಹೆಂಡತಿ ರಾಜಿಯಾದರೂ, ಗೋಡೆ ಒಂದು ಗೇಣು ಸರಿಸಿದರೂ ಅದು ಬಾಂಡ್ ಕಾಗದದ ಮೇಲೆ, ಪಂಚರ ಸಹಿಯೊಡನೆ, ನೋಟರಿ ಮುದ್ರೆಯೊಡನೆ ಬರಬೇಕು. ಇಲ್ಲದಿದ್ದರೆ ಅದು ನಡೆದೇ ಇಲ್ಲ. ಗುಂಡಗುರ್ತಿಯ ಒಬ್ಬಾತ ಇನ್ನು ಮುಂದೆ ಕುಡಿಯುವುದಿಲ್ಲ ಎಂದು ನನ್ನಲ್ಲಿ ಬಾಂಡು ಮಾಡಿಸಿದ್ದಾನೆ, ಪ್ರತಿ ವರ್ಷ ಬಂದು ಹೊಸದಾಗಿ ಮಾಡಿಸುತ್ತಾನೆ.

ಅಂಗಳದಲ್ಲೇ ಕೂತು ಬರೆದೆ. ಒಳ್ಳೆಯ ಕರಡು ಎಂದು ಈಗಲೂ ನಾಚಿಕೆಯಿಲ್ಲದೆ ಹೇಳುತ್ತೇನೆ. ಐದೂ ಊರುಗಳಲ್ಲಿ ರೊಟ್ಟಿಗೆ ಒಂದೇ ದರ, ಯಾರೂ ಇಳಿಸತಕ್ಕದ್ದಲ್ಲ. ಒಬ್ಬರ ಊರಿಗೆ ಇನ್ನೊಬ್ಬರು ರೊಟ್ಟಿ ಕಳಿಸತಕ್ಕದ್ದಲ್ಲ. ಕೊಸರೇ ಕಂಪನಿಗೆ ನೆಪವಾಗಿರುವುದರಿಂದ ಯಾರೂ ಕೊಸರು ಕೊಡತಕ್ಕದ್ದಲ್ಲ. ಮುರಿದವರು ಉಳಿದ ನಾಲ್ವರಿಗೂ ತಲಾ ಒಂದು ಇಳಕಲ್ ಸೀರೆ ಉಡಿಸತಕ್ಕದ್ದು. ಸೀರೆಯ ಕಲಮು ಓದಿದಾಗ ಚಾಚಿ ಚಪ್ಪಾಳೆ ತಟ್ಟಿದಳು.

ಅಕ್ಕ ಮಾತ್ರ ತಟ್ಟಲಿಲ್ಲ. "ತಮ್ಮಾ, ಬಾಕಿ ಎಲ್ಲಾ ಬರಿ. ಕೊಸರಿಂದು ಬ್ಯಾಡ. ಚೀಲ ತಕ್ಕೊಂಡು ನಿಂತವರ ಮಾರಿ ನಾ ಹ್ಯಾಂಗ ನೋಡ್ಲಿ?"

"ಕಾನೂನು ನಿನಗ ತಿಳಿತದೋ ನನಗ ತಿಳಿತದೋ?" ಎಂದು ಜಬರದಸ್ತಿನಿಂದ ಕೇಳಿದೆ. ಅವಳು ಕಾಗದ ಹತ್ತಿರಕ್ಕೆ ಎಳೆದುಕೊಂಡಳು. ಹೆಬ್ಬೆಟ್ಟು ಒತ್ತಿದಳು. ನಾನು ಮುದ್ರೆ ಒತ್ತಿದೆ. ಐವರನ್ನೂ ಬಾಂಡು ಹಿಡಿಸಿ ನಿಲ್ಲಿಸಿ ಬಣ್ಣದ ಫೋಟೋ ತೆಗೆಸಿದೆ.

ದೆಹಲಿಯ ಸ್ಪರ್ಧಾ ಆಯೋಗಕ್ಕೆ ದೂರು ಹೋಯಿತು. ಈ ಹೆಂಗಸರು ಎಷ್ಟು ಶಿಸ್ತಿನವರು ಎಂದು ತೋರಿಸಲು ಬಾಂಡನ್ನು, ಫೋಟೋ, ಇಂಗ್ಲಿಷ್ ಅನುವಾದಗಳೊಡನೆ, ಅನುಬಂಧ ಒಂದು ಎಂದು ಎಲ್ಲಕ್ಕಿಂತ ಮುಂದೆ ಲಗತ್ತಿಸಿದೆ. ಚಹಾದಂಗಡಿಯಲ್ಲಿ ಸಿಕ್ಕ ಹಿರಿಯನ ಪ್ರಮಾಣಪತ್ರ ಅನುಬಂಧ ಎರಡು. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಅಷ್ಟರಲ್ಲಿ ಕೊಸರು ನಿಂತ ಅಂಗಡಿಗೆ ಓಣಿಯ ಗಿರಾಕಿಗಳೂ ಕಡಿಮೆಯಾದರು. ಅಕ್ಕ ಅದನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊನೆಗೆ ವಿಡಿಯೋದಲ್ಲಿ ವಿಚಾರಣೆ ಬಂತು. ನನ್ನ ಆಫೀಸಿನಲ್ಲೇ ಕಂಪ್ಯೂಟರಿನ ಮುಂದೆ ಇಸ್ತ್ರಿ ಹೊಡೆದ ಕೋಟು ಹಾಕಿ ಕೂತೆ. ಹಿಂದೆ ಬೆಂಚಿನ ಮೇಲೆ ಐದೂ ಊರಿನ ಹೆಂಗಸರು. ಪರದೆಯಲ್ಲಿ ಕಂಪನಿಯ ಕಡೆಯ ವಕೀಲರು ಕಿಟಕಿ ಕಿಟಕಿಯಲ್ಲೂ ಕೂತಿದ್ದರು, ಎಣಿಸಿದೆ, ಹನ್ನೊಂದು. ನಾನು ಅರ್ಧ ಗಂಟೆ ಪ್ರಾಬಲ್ಯ, ದುರುಪಯೋಗ ಎಂದು ಇಂಗ್ಲಿಷಿನಲ್ಲಿ ಗುಡುಗಿದೆ. ನನ್ನ ಬೆನ್ನಿಗೇ ಚಾಚಿಯ "ಮಾಶಾಲ್ಲಾ" ಕೇಳಿ ಇನ್ನಷ್ಟು ಏರಿದೆ.

ಹನ್ನೊಂದರಲ್ಲಿ ಎಲ್ಲರಿಗಿಂತ ಮೆತ್ತಗೆ ಮಾತಾಡುವವರು ಎದ್ದರು. ನಾನು ಹೇಳಿದ ಯಾವುದಕ್ಕೂ ಉತ್ತರ ಕೊಡಲಿಲ್ಲ. "ಮಾನ್ಯರೇ, ಅನುಬಂಧ ಒಂದನ್ನು ಓದಲು ಅಪ್ಪಣೆ ಬೇಕು," ಎಂದರು. ನನ್ನ ಕರಡನ್ನು ನಿಧಾನವಾಗಿ, ಅದರ ಸೊಗಸು ತಿಳಿದವರಂತೆ ಓದಿದರು. ದರ ಕೂಡಿ ನಿಗದಿ ಮಾಡಿದ್ದಾರೆ. ಊರು ಹಂಚಿಕೊಂಡಿದ್ದಾರೆ. ರಿಯಾಯಿತಿ ನಿಲ್ಲಿಸಿದ್ದಾರೆ. ಮುರಿದವರಿಗೆ ಸೀರೆಯ ದಂಡವನ್ನೂ ಇಟ್ಟಿದ್ದಾರೆ. "ದೇಶದಲ್ಲಿ ಹೀಗೆ ಒಳಗೊಳಗೇ ದರ ಕಟ್ಟುವ ಕೂಟಗಳು, ಕಾರ್ಟೆಲುಗಳು, ಕದ್ದುಮುಚ್ಚಿ ನಡೆಯುತ್ತವೆ. ಹುಡುಕಲು ಆಯೋಗ ದಾಳಿ ಮಾಡಬೇಕಾಗುತ್ತದೆ. ನೋಟರಿ ಮಾಡಿಸಿ, ಫೋಟೋ ತೆಗೆಸಿ, ಅಂಚೆಯಲ್ಲಿ ತಾವೇ ಕಳಿಸಿಕೊಟ್ಟ ಕಾರ್ಟೆಲನ್ನು ನನ್ನ ವೃತ್ತಿಯಲ್ಲಿ ಇದೇ ಮೊದಲು ನೋಡುತ್ತಿದ್ದೇನೆ," ಎಂದರು. ಪರದೆಯ ಮೇಲೆ ಐವರ ಬಣ್ಣದ ಫೋಟೋ ದೊಡ್ಡದಾಗಿ ಬಂತು. ಏನು ನಡೆದಿದೆ ಎಂದು ತಿಳಿಯದೆ ನಮ್ಮ ಹೆಂಗಸರು ಖುಷಿಯಿಂದ ಒಬ್ಬರನ್ನೊಬ್ಬರು ತಿವಿದುಕೊಂಡರು.

ಕಾಯಿದೆಯ ಆ ಭಾಗವನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ. ಅದು ಸಿಮೆಂಟು, ಉಕ್ಕಿನಂಥ ದೊಡ್ಡ ಬಾಬತ್ತಿಗೆ ಅಂದುಕೊಂಡಿದ್ದೆ. ರೊಟ್ಟಿ ಬಡಿಯುವವರಿಗೂ ಅದೇ ಕಲಮು ಎಂದು ಆಗ ಹೊಳೆಯಿತು. ಏನೂ ತೋಚದೆ, ನೆಟ್‌ವರ್ಕ್ ಹೋದವನಂತೆ ಅಲ್ಲಾಡದೆ ಕೂತೆ. ಬಾಯಿ ಅರ್ಧ ತೆರೆದು, ರೆಪ್ಪೆ ಬಡಿಯದೆ, ಪರದೆಯಲ್ಲಿ ಸಿಕ್ಕಿಕೊಂಡ ಚಿತ್ರದ ಹಾಗೆ.

"ವಕೀಲರ ಚಿತ್ರ ನಿಂತುಹೋದಂತೆ ಕಾಣುತ್ತದೆ," ಎಂದರು ಆಯೋಗದ ಸದಸ್ಯರು. ಸ್ವಲ್ಪ ತಡೆದು, "ಆದರೆ ಅವರ ಹಿಂದೆ ಒಬ್ಬರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ," ಎಂದರು. ಹನ್ನೊಂದೂ ಕಿಟಕಿಗಳು ನಕ್ಕವು. ನಾನು ಇಂಗು ತಿಂದ ಮಂಗನಂತೆ ಕಣ್ಣು ಪಿಳುಕಿಸಿದೆ.

ಸದಸ್ಯರು ನಗು ನಿಲ್ಲಿಸಿ ಆದೇಶ ಬರೆಸಿದರು. ಈ ಕರಾರು ಯಾರ ಸಲಹೆಯಿಂದ ಆಯಿತು ಎಂಬುದನ್ನು ಮುಂದಿನ ದಿನ ವಿವರಿಸಬೇಕು. ತಿಳಿದೂ ತಿಳಿದೂ ಇಂಥದನ್ನು ಬರೆದು ಮುದ್ರೆ ಹಾಕಿದ ನೋಟರಿಯ ವಿಷಯವನ್ನು ಸಂಬಂಧಪಟ್ಟವರಿಗೆ ಬರೆಯಬೇಕಾದೀತು.

ಆಮೇಲಿನ ದಿನಗಳಲ್ಲಿ ನಾನು ಹೆದರಿದ್ದೆ. ಸುಳ್ಳು ಹೇಳುವುದಿಲ್ಲ, ಅಕ್ಕನ ಅಂಗಡಿಯ ಚಿಂತೆ ನನಗೆ ಒಂದು ಕ್ಷಣವೂ ಬರಲಿಲ್ಲ, ಬಂದದ್ದೆಲ್ಲ ಮುದ್ರೆಯ ಚಿಂತೆ. ಮತ್ತೆ ಕಾಯಿದೆ ತೆಗೆದು ಓದಿದೆ. ಈ ಸಲ ಒಂದು ರತ್ನ ಸಿಕ್ಕಿತು: ಕೂಟದಲ್ಲಿದ್ದವರ ಪೈಕಿ ಯಾರು ಮೊದಲು ಬಂದು ಉಳಿದವರ ಬಗ್ಗೆ ಬಾಯಿ ಬಿಡುತ್ತಾರೋ ಅವರಿಗೆ ದಂಡದಲ್ಲಿ ದೊಡ್ಡ ಮಾಫಿ. ಅಕ್ಕನ ಮನೆಗೆ ಓಡಿದೆ.

"ಅಕ್ಕಾ, ನೀ ಮೊದಲ ಹೇಳಿಬಿಡು. ಆ ನಾಲ್ಕು ಮಂದಿ ಜುಲುಮಿ ಮಾಡಿ ಬರೆಸಿದ್ರು ಅನ್ನು. ನೀ ಪಾರಾಗ್ತಿ, ನಾ ಭೀ ಪಾರಾಗ್ತೀನಿ."

ಅಕ್ಕ ಕಟ್ಟಿಗೆಯ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಿದಳು. "ಚಾಚಿನ್ನ ಹಿಡಿದು ಕೊಡಂತಿ ಏನು?"

"ಕಾನೂನದಾಗೇ ಅದ ಅಕ್ಕಾ. ತಪ್ಪೇನಿಲ್ಲ."

"ಹಂಗಾದ್ರ ಕಾನೂನು ಮಾಡಿದವರಿಗಿ ಅಕ್ಕತಂಗಿ ಇಲ್ಲೇನು?" ಎಂದು ಮತ್ತೆ ನಾದತೊಡಗಿದಳು. ನಾನು ಎದ್ದು ಬರುವಾಗ ಹಿಂದಿನಿಂದ, "ನಿನ್ನ ಮುದ್ರಿ ಹೋಗತದೇನೋ ತಮ್ಮಾ?" ಎಂದು ಕೇಳಿದಳು. ಹೋಗಬಹುದು ಎಂದೆ.

ಎರಡನೇ ವಿಚಾರಣೆಯ ದಿನ ಅಕ್ಕ ಮಾತಾಡುತ್ತೇನೆಂದು ಹಟ ಹಿಡಿದಳು. ಆಕೆಗೆ ಇಂಗ್ಲಿಷ್ ಬಾರದು, ತಮಗೆ ಅಭ್ಯಂತರ ಇಲ್ಲದಿದ್ದರೆ ನಾನೇ ಅನುವಾದ ಮಾಡುತ್ತೇನೆ ಎಂದು ಆಯೋಗಕ್ಕೆ ಹೇಳಿದೆ. ಹನ್ನೊಂದು ಮಂದಿಗೂ ಅಭ್ಯಂತರ ಇರಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ಪರದೆಗೆ ಕೈ ಮುಗಿದಳು.

"ಸಾಹೇಬ್ರ, ಆ ಕಾಗದ ಬರೆಸಿದಾಕಿ ನಾನು. ಈ ನಾಲ್ಕು ಮಂದಿಗಿ ನಾನೇ ಕರದೀನಿ. ವಕೀಲ್ರು ಬ್ಯಾಡ ಅಂದ್ರು, ಕೊಸರು ಬಿಡಬ್ಯಾಡ ಅಂತ ಭಾಳ ಹೇಳಿದ್ರು. ನಾ ಕೇಳಲಿಲ್ಲ. ಮುದ್ರಿ ಹಾಕ್ರಿ ಅಂತ ನಾನೇ ಬೆನ್ನು ಹತ್ತೀನಿ. ಇವರದು ಏನೂ ತಪ್ಪಿಲ್ರಿ."

ಕೋಣೆಯಲ್ಲಿ ಚಾಚಿ ಬಾಯಿ ತೆರೆದಳು. ಅಕ್ಕ ಅವಳ ಮೊಣಕೈ ಹಿಡಿದಳು. ಸದಸ್ಯರು ನನ್ನ ಕಡೆ ನೋಡಿದರು. ಈ ಹೆಂಗಸು ಹೇಳಿದ್ದು ಸುಳ್ಳು ಎಂದು ಹೇಳಲು ನನಗೆ ಅಲ್ಲಿ ಬೇಕಾದಷ್ಟು ಸಮಯ ಇತ್ತು. ನಾನು ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿದೆ.

ಆದೇಶ ಬಂತು. ಬಾಂಡು ಊರ್ಜಿತವಲ್ಲ, ಸಣ್ಣ ವ್ಯಾಪಾರದವರೆಂದು ಐವರಿಗೂ ದಂಡವಿಲ್ಲ, ಎಚ್ಚರಿಕೆ ಮಾತ್ರ. ಜನರಿಗೆ ಅನ್ನ, ಚಪಾತಿ, ಬ್ರೆಡ್ಡು ಎಲ್ಲ ಸಿಗುವುದರಿಂದ ಕಂಪನಿಯ ಪ್ರಾಬಲ್ಯ ಮೇಲ್ನೋಟಕ್ಕೆ ಕಾಣುವುದಿಲ್ಲ, ದೂರು ಮುಕ್ತಾಯ. ನೋಟರಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ವಾರದೊಳಗೆ ಕಂಪನಿ ಆಯೋಗದ ಎಚ್ಚರಿಕೆಯನ್ನೇ ಕಾರಣ ಕೊಟ್ಟು ಐದೂ ಕೇಂದ್ರಗಳನ್ನು ಫೋನಿನಿಂದ ತೆಗೆದುಹಾಕಿತು. ಈಗ ಎಷ್ಟು ಕೆಳಗೆ ಹೋದರೂ ಅಕ್ಕ ಸಿಗುವುದಿಲ್ಲ. ಕೆಲಸದ ಇಬ್ಬರು ಹೆಂಗಸರು ಶಹಾಬಾದ್ ರಸ್ತೆಯ ಶೆಡ್ಡಿಗೆ ಹೋದರು. ಎರಡನೇ ಒಲೆ ಆರಿತು. ಕೋರ್ಟಿನಲ್ಲಿ ಮಾತ್ರ ನನಗೆ ದಿಲ್ಲಿ ವಕೀಲ ಎಂದು ಹೆಸರು ಬಂದಿದೆ, ಜೂನಿಯರುಗಳು ಎದ್ದು ನಿಲ್ಲುತ್ತಾರೆ.

ಆದೇಶದ ಪ್ರತಿ ಹಿಡಿದು ಅಕ್ಕನ ಹತ್ತಿರ ಹೋಗಲು ನನಗೆ ಹದಿನೈದು ದಿನ ಬೇಕಾಯಿತು. ಅವಳೊಬ್ಬಳೇ ಹಂಚಿನ ಮುಂದೆ ಕೂತಿದ್ದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆಗೆಯುವುದರೊಳಗೆ ಅವಳೇ ಕೇಳಿದಳು.

"ತಮ್ಮಾ, ಅವತ್ತು ನಾ ಹೇಳಿದ್ದು ಇಂಗ್ಲಿಷಿನ್ಯಾಗ ಬರೋಬರ್ ಹೇಳಿದಿ ಇಲ್ಲೋ? ನೀ ನಾಚಿಕೊಂಡು ಏನರೆ ಬಿಟ್ಟಿ ಅಂತ ನನಗ ಅದೇ ಚಿಂತಿ ಹತ್ತಿತ್ತು."

"ಇಲ್ಲ ಅಕ್ಕಾ," ಎಂದೆ. "ಒಂದಕ್ಷರ ಬಿಡಲಿಲ್ಲ."